ದೂರದಿಂದ ಬರುವ ಪೋರ್ಟ್‌ಲೆಟ್: ಎಲ್ಲಿ ತೊಡಕು?

ತಿರುಪ್ಪೂರಿನ ಬನಿಯನ್ ನಿಮಗೆಲ್ಲ ಗೊತ್ತು. ಅಲ್ಲಿ ಒಂದು ಬನಿಯನ್‌ನ ಕೆಲಸ ಹಲವು ಕಡೆ ಹಂಚಿಹೋಗಿರುತ್ತದೆ. ಹೆಣಿಗೆ ಒಂದು ಕಡೆ, ಬಣ್ಣ ಇನ್ನೊಂದು ಕಡೆ, ಹೊಲಿಗೆ ಮತ್ತೊಂದು ಕಡೆ. ಇದಕ್ಕೆ ಜಾಬ್ ವರ್ಕ್ ಅಂತಾರೆ. ವೆಬ್ ಪುಟವನ್ನೂ ಹೀಗೆ ಹಂಚಿಕೊಂಡು ಮಾಡಬಹುದು.

ಹಲವು ಸೇವೆಗಳನ್ನು ಒಂದೇ ಪುಟದಲ್ಲಿ ತೋರಿಸುವ ವೆಬ್‌ಸೈಟ್‌ಗೆ ಪೋರ್ಟಲ್ ಎಂದು ಹೆಸರು. ಕೊಯಮತ್ತೂರು ಜಿಲ್ಲೆಗೆ ಅಂಥದ್ದೊಂದು ಪೋರ್ಟಲ್ ಇದೆ ಎಂದುಕೊಳ್ಳಿ. ಒಂದು ಚೌಕದಲ್ಲಿ ಮಳೆಯ ವರದಿ, ಇನ್ನೊಂದರಲ್ಲಿ ಬಸ್ಸಿನ ವೇಳೆ, ಮತ್ತೊಂದರಲ್ಲಿ ಪರೀಕ್ಷೆಯ ಫಲಿತಾಂಶ. ಒಂದೊಂದು ಚೌಕವೂ ಒಂದು ಪೋರ್ಟ್‌ಲೆಟ್. ಫಲಿತಾಂಶದ ಪೋರ್ಟ್‌ಲೆಟ್ ಚೆನ್ನೈನ ಸರ್ವರ್‌ನಲ್ಲಿದ್ದು, ಕೊಯಮತ್ತೂರಿನ ಪುಟದಲ್ಲಿ ಕಾಣಿಸಿಕೊಂಡರೆ ಅದು ದೂರದ ಪೋರ್ಟ್‌ಲೆಟ್. ಎರಡು ಸರ್ವರ್‌ಗಳೂ ಒಪ್ಪುವ ನಿಯಮ ಬೇಕಲ್ಲವೇ? ಓಯಸಿಸ್ ಎಂಬ ಸಂಸ್ಥೆ 2003ರಲ್ಲಿ ಡಬ್ಲ್ಯುಎಸ್‌ಆರ್‌ಪಿ ಎಂಬ ಮಾನಕವನ್ನು ಹೊರತಂದಿತು.

ಇದರಲ್ಲಿ ದೂರದ ಸರ್ವರ್ ಬರೀ ಅಂಕಿಅಂಶ ಕಳಿಸುವುದಿಲ್ಲ. ಪರದೆಯ ಮೇಲೆ ಹೇಗೆ ಕಾಣಬೇಕೋ ಹಾಗೆ, ಸಿದ್ಧವಾದ ಎಚ್‌ಟಿಎಂಎಲ್ ತುಣುಕನ್ನೇ ಕಳಿಸುತ್ತದೆ. ಪೋರ್ಟಲ್ ಅದನ್ನು ಚೌಕದಲ್ಲಿ ಕೂರಿಸಿದರೆ ಸಾಕು. ಸುಲಭ ನಿಜ, ಆದರೆ ತೊಡಕು ಇರುವುದೂ ಅಲ್ಲೇ. ಬಟ್ಟೆ ಬಂದರೆ ನಮಗೆ ಬೇಕಾದ ಅಳತೆಗೆ ಕತ್ತರಿಸಬಹುದು. ಹೊಲಿದ ತೋಳೇ ಬಂದರೆ?

ಮೊದಲನೆಯದು ಕಾಯುವಿಕೆ. ದೂರದ ಸರ್ವರ್ ನಿಧಾನವಾದರೆ ಆ ಚೌಕ ಖಾಲಿ. ಪೋರ್ಟಲನ್ನು ಜಾಣತನದಿಂದ ಕಟ್ಟದಿದ್ದರೆ ಇಡೀ ಪುಟವೇ ಕಾಯುತ್ತದೆ.

ಎರಡನೆಯದು ಕೊಂಡಿಗಳು. ತುಣುಕಿನೊಳಗಿನ ಕೊಂಡಿ ಒತ್ತಿದಾಗ ನೀವು ಪೋರ್ಟಲ್‌ಗೇ ಮರಳಬೇಕು. ಅದಕ್ಕಾಗಿ ಪ್ರತಿ ಕೊಂಡಿಯ ವಿಳಾಸವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಜಾವಾಸ್ಕ್ರಿಪ್ಟ್ ಆ ಕ್ಷಣದಲ್ಲೇ ಸೃಷ್ಟಿಸುವ ವಿಳಾಸಗಳು ಇದರಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ.

ಮೂರನೆಯದು ಚೌಕಗಳ ನಡುವಿನ ಮಾತು. ಮಳೆಯ ಚೌಕದಲ್ಲಿ 'ಪೊಳ್ಳಾಚಿ' ಆರಿಸಿದರೆ ಬಸ್ಸಿನ ಚೌಕವೂ ಪೊಳ್ಳಾಚಿಗೆ ಬದಲಾಗಬೇಕು ಅಂತ ನಾವು ಬಯಸುತ್ತೇವೆ. ಮೊದಲ ಆವೃತ್ತಿಯಲ್ಲಿ ಇದಕ್ಕೆ ನಿಯಮವೇ ಇರಲಿಲ್ಲ. 2008ರ ಎರಡನೇ ಆವೃತ್ತಿ ಅದನ್ನು ಸೇರಿಸಿತು. ಅಷ್ಟರಲ್ಲಿ, ಪುಟ ಪೂರ್ತಿ ಬದಲಾಗದೆ ಬೇಕಾದಷ್ಟು ಭಾಗ ಮಾತ್ರ ಹೊಸದಾಗುವ ಅಜಾಕ್ಸ್ ವಿಧಾನ ಎಲ್ಲೆಡೆ ಹರಡಿಬಿಟ್ಟಿತ್ತು.

ನಾಲ್ಕನೆಯದು ನಮಗೆ ಹತ್ತಿರದ್ದು: ಭಾಷೆ. 'ಕನ್ನಡದಲ್ಲಿ ಕೊಡಿ' ಎಂದು ಪೋರ್ಟಲ್ ಕೇಳುವ ವ್ಯವಸ್ಥೆ ಮಾನಕದಲ್ಲೇ ಇದೆ. ಆದರೆ ಕಳಿಸುವವರ ಬಳಿ ತಮಿಳು, ಇಂಗ್ಲಿಷ್ ಮಾತ್ರ ಇದ್ದರೆ ಬರುವುದೂ ಅದೇ. ಸುತ್ತಲಿನ ಪುಟ ಕನ್ನಡ, ಚೌಕ ಮಾತ್ರ ಬೇರೆ! ತಮಿಳುನಾಡಿನಲ್ಲಿ ಕನ್ನಡ ಓದುವ ಮಗುವಿಗೆ ಅದೇ ಚೌಕ ಮುಖ್ಯವಾಗಿರಬಹುದು. '84 ಅಂಕ' ಎಂಬ ಮಾಹಿತಿಯಷ್ಟೇ ಬಂದಿದ್ದರೆ, ಸುತ್ತಲಿನ ಪದಗಳನ್ನು ಪೋರ್ಟಲ್ ತಾನೇ ಕನ್ನಡದಲ್ಲಿ ಹಾಕಿಕೊಳ್ಳುತ್ತಿತ್ತು.

ಇಂದು ಹೆಚ್ಚಿನ ಕಡೆ ಹೀಗೇ ಮಾಡುತ್ತಾರೆ. ದೂರದ ಸರ್ವರ್ ಮಾಹಿತಿ ಮಾತ್ರ ಕೊಡುತ್ತದೆ. ಅದನ್ನು ಮೊಬೈಲ್‌ಗೆ ಹೇಗೆ, ಕಂಪ್ಯೂಟರ್‌ಗೆ ಹೇಗೆ, ಯಾವ ಭಾಷೆಯಲ್ಲಿ ತೋರಿಸಬೇಕು ಅನ್ನುವುದನ್ನು ಪುಟ ಕಟ್ಟುವವರು ತೀರ್ಮಾನಿಸುತ್ತಾರೆ. ಇದರಲ್ಲಿ ಅವರಿಗೆ ಕೆಲಸ ಹೆಚ್ಚು, ಸ್ವಾತಂತ್ರ್ಯವೂ ಹೆಚ್ಚು. ದೂರದ ಸರ್ವರ್ ನಿಂತರೆ ಮಾತ್ರ ಇಲ್ಲಿಯೂ ಕಾಯಲೇಬೇಕು.

ನೀವೇ ಯೋಚಿಸಿ: ನಿಮ್ಮ ಶಾಲೆಗೆ ಒಂದು ಪೋರ್ಟಲ್ ಮಾಡಿದರೆ ಯಾವ ಚೌಕಗಳು ಬೇಕು? ಅವುಗಳಲ್ಲಿ ಯಾವುದಕ್ಕೆ 'ಹೊಲಿದ ತೋಳು' ಸಾಕು, ಯಾವುದಕ್ಕೆ 'ಬಟ್ಟೆ'ಯೇ ಬೇಕು?