ಕರಾರು ಮುಗಿದರೂ ಕದಲದ ಬಾಡಿಗೆದಾರ

ಬಾಡಿಗೆ ಕರಾರು ಮುಗಿದರೂ ಬಾಡಿಗೆದಾರರು ಮನೆ ಬಿಡುತ್ತಿಲ್ಲ. ಮನೆ ನನ್ನದೇ ತಾನೆ, ಬೀಗ ಜಡಿದು ಹೊರಹಾಕಬಾರದೇಕೆ?

ಮನೆ ನಿಮ್ಮದೇ, ಆದರೆ ಸ್ವಾಧೀನ ಅವರದು. ಬಲವಂತವಾಗಿ ಹೊರದಬ್ಬಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಅವರು ಮತ್ತೆ ಒಳಬರಬಹುದು. ನೀರು, ಕರೆಂಟು ಕಡಿತದ ಉಪಾಯವೂ ಬೇಡ.

ಅನೇಕ ಮಾಲೀಕರು ಎಡವುವುದು ಬೇರೆ ಕಡೆ. ಅವಧಿ ಮುಗಿದ ಮೇಲೂ ಫೋನ್‌ಪೇಯಲ್ಲಿ ಬಂದ ಬಾಡಿಗೆಯನ್ನು ಸುಮ್ಮನೆ ಇಟ್ಟುಕೊಂಡರೆ, ಪಾಸು ಮುಗಿದವನಿಗೆ ಕಂಡಕ್ಟರೇ ಟಿಕೆಟ್ ಹರಿದುಕೊಟ್ಟಂತೆ. ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯಿತೆಂದು ಬಾಡಿಗೆದಾರರು ವಾದಿಸಬಹುದು. ಆಗ ಅದನ್ನು ಮುಗಿಸಲು 15 ದಿನಗಳ ನೋಟಿಸ್ ಬೇಕು. ಆಮೇಲೂ ಜಗ್ಗದಿದ್ದರೆ ಕೋರ್ಟಿನಲ್ಲಿ ದಾವೆ ಹಾಕಿ. ಮನೆಯ ಜೊತೆಗೆ, ಹೆಚ್ಚುವರಿಯಾಗಿ ಉಳಿದುಕೊಂಡ ದಿನಗಳ ಪರಿಹಾರವನ್ನೂ ಕೇಳಿ. ಡಿಕ್ರಿ ಕೈಗೆ ಬಂದರೂ ಬಾಗಿಲು ತೆರೆಸಬೇಕಾದವನು ಕೋರ್ಟಿನ ಅಮೀನ, ನೀವಲ್ಲ.