ಅಂಗಾತ ಮಲಗಿದ ಜೇಡ ಸತ್ತಿರಲ್ಲ! ಟರಾಂಟುಲಾ ಸಾಕೋರು ಮೊದಲು ತಿಳಿಯಬೇಕಾದ ವಿಷಯಗಳು

ಮೀನು, ಲವ್ ಬರ್ಡ್ಸ್, ಆಮೆ ಆಯ್ತು. ಈಗ ಯುವಕರ ಮೊಬೈಲ್‌ನಲ್ಲಿ ಅಂಗೈಯಗಲದ ರೋಮ ತುಂಬಿದ ಜೇಡಗಳ ವಿಡಿಯೋ ಓಡಾಡ್ತಿವೆ. 'ಒಂದು ತಂದು ಸಾಕಿದ್ರೆ ಹೇಗೆ?' ಅನ್ನೋ ಆಸೆ ಹುಟ್ಟೋದು ಸಹಜ. ಆದರೆ ಎಷ್ಟು ಬೇಗ ಬೆಳೆಯುತ್ತೆ, ಎಷ್ಟು ತಿನ್ನುತ್ತೆ, ಓಡಿದ್ರೆ ಏನು ಗತಿ ಅನ್ನೋದು ಗೊತ್ತಿಲ್ಲದೆ ತಂದರೆ ಪ್ರಾಣ ಹೋಗೋದು ಜೇಡದ್ದು.

ಹೊಸಬರಿಗೆ ಜಗತ್ತಿನಾದ್ಯಂತ ಹೆಚ್ಚಾಗಿ ಹೇಳೋದು ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾ. ಆ ದೇಶದ ಪೆಸಿಫಿಕ್ ಕರಾವಳಿ ಕಡೆಯ ಒಣ ಕಾಡು ಇದರ ತವರು. ಕಪ್ಪು ಮೈ, ಕಾಲಿನ ಗಂಟುಗಳಲ್ಲಿ ಕಿತ್ತಳೆ ಬಣ್ಣ, ಸ್ವಭಾವ ಸಾಧು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಬೆಳವಣಿಗೆ: ಆಮೆಗತಿ

ಮರಿ ಇದ್ದಾಗ ಕಾಲು ಚಾಚಿದರೂ ಒಂದು ಸೆಂಟಿಮೀಟರ್ ಆಸುಪಾಸು. ಪೂರ್ತಿ ಬೆಳೆದಾಗ ಸುಮಾರು 13ರಿಂದ 15 ಸೆಂಟಿಮೀಟರ್. ಆದರೆ ಅಲ್ಲಿಗೆ ತಲುಪೋಕೆ ವರ್ಷಗಳೇ ಬೇಕು. ಗಂಡು ಪ್ರಾಯಕ್ಕೆ ಬರೋಕೆ ನಾಲ್ಕೈದು ವರ್ಷ, ಹೆಣ್ಣಿಗೆ ಇನ್ನೂ ಹೆಚ್ಚು. ಪ್ರಾಯಕ್ಕೆ ಬಂದ ಗಂಡು ಆಮೇಲೆ ಹೆಚ್ಚು ದಿನ ಬಾಳಲ್ಲ. ಹೆಣ್ಣು ಮಾತ್ರ 20 ವರ್ಷ ದಾಟಿಯೂ ಬದುಕುತ್ತೆ. ಅಂದರೆ ಪಿಯುಸಿ ಹುಡುಗ ಇವತ್ತು ತಂದ ಜೇಡ ಅವನ ಮದುವೆಯಾಗಿ ಮಕ್ಕಳಾದ ಮೇಲೂ ಮನೆಯಲ್ಲೇ ಇರಬಹುದು!

ಪೊರೆ ಬಿಡುವಾಗ ಮುಟ್ಟಬೇಡಿ

ಹಾವಿನಂತೆ ಜೇಡವೂ ಪೊರೆ ಬಿಟ್ಟೇ ಬೆಳೆಯೋದು. ಮರಿ ವರ್ಷಕ್ಕೆ ಹಲವು ಬಾರಿ ಪೊರೆ ಬಿಟ್ಟರೆ, ಬೆಳೆದ ಹೆಣ್ಣು ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪಕ್ಕೆ. ಅದಕ್ಕೂ ಮುಂಚೆ ಊಟ ಬಿಡುತ್ತೆ, ಚಟುವಟಿಕೆ ಕಡಿಮೆಯಾಗುತ್ತೆ, ಹೊಟ್ಟೆಯ ಚರ್ಮ ಕಪ್ಪಾಗಿ ಮಿರುಗುತ್ತೆ. ಕೊನೆಗೆ ಬಲೆಯ ಚಾಪೆ ನೇಯ್ದು ಅಂಗಾತ ಮಲಗಿಬಿಡುತ್ತೆ.

ಹೊಸಬರು ಎಡವೋದು ಇಲ್ಲೇ. ಸತ್ತೇಹೋಯ್ತು ಅಂತ ಎತ್ತಿ ಬಿಸಾಕೋರಿದ್ದಾರೆ. 'ಪಾಪ, ಮಗುಚಿಬಿದ್ದಿದೆ' ಅಂತ ಕಡ್ಡಿಯಲ್ಲಿ ತಿರುಗಿಸಿ ಹಾಕೋರೂ ಇದ್ದಾರೆ. ಎರಡೂ ಕೊಲೆಗೆ ಸಮ. ಸಾಮಾನ್ಯವಾಗಿ ಸಾಯುವ ಜೇಡ ಅಂಗಾತ ಬೀಳಲ್ಲ, ಕವುಚಿದ ಹಾಗೇ ಕಾಲುಗಳನ್ನ ಮೈಯಡಿಗೆ ಮುದುರಿಕೊಳ್ಳುತ್ತೆ. ಅಂಗಾತ ಇದ್ದರೆ ಕೆಲವು ಗಂಟೆ ಡಬ್ಬಿಯನ್ನ ಅಲುಗಾಡಿಸದೆ ಬಿಡಿ, ಸಾಕು.

ಹಸಿವು: ಕಡಿಮೆಯೇ ಒಳ್ಳೆಯದು

ಬೆಳೆದ ಜೇಡಕ್ಕೆ ವಾರಕ್ಕೋ ಎರಡು ವಾರಕ್ಕೋ ಒಂದೆರಡು ಹುಳ ಸಾಕು. ಮರಿಗೆ ವಾರಕ್ಕೆ ಎರಡು ಬಾರಿ ಸಣ್ಣ ಹುಳ ಕೊಡಬಹುದು. ಹುಳದ ಗಾತ್ರ ಜೇಡದ ಹೊಟ್ಟೆಗಿಂತ ದೊಡ್ಡದಾಗಬಾರದು. ಇದಕ್ಕೆ ಹಲ್ಲಿಲ್ಲ. ಬೇಟೆಯ ಮೇಲೆ ಜೀರ್ಣರಸ ಸುರಿಸಿ, ಕರಗಿದ್ದನ್ನ ಹೀರಿಕೊಳ್ಳುತ್ತೆ.

ಪೊರೆಗೆ ಮುಂಚೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಿನ್ನದೇ ಇದ್ದರೂ ಗಾಬರಿ ಬೇಡ. ಹೊಟ್ಟೆ ದುಂಡಗಿದ್ದು, ತಟ್ಟೆಯಲ್ಲಿ ನೀರಿದ್ದರೆ ಆಯ್ತು. ತಿನ್ನದ ಹುಳವನ್ನ ಮಾತ್ರ ಮಾರನೇ ದಿನ ತೆಗೆದುಬಿಡಿ. ಪೊರೆ ಬಿಡುವ ಜೇಡದ ಮೈ ಬೆಣ್ಣೆಯಷ್ಟು ಮೆದು. ಒಂದು ಕ್ರಿಕೆಟ್ ಹುಳ ಕಚ್ಚಿದರೂ ಕಥೆ ಮುಗೀತು. ಹೊಸ ಹಲ್ಲು, ಅಂದರೆ ಕೊಂಡಿ, ಮೊದಲು ಬೆಳ್ಳಗಿರುತ್ತೆ. ಅದು ಕಪ್ಪಾಗುವವರೆಗೆ ಊಟ ಕೊಡಬೇಡಿ. ಮರಿಗೆ ಒಂದು ವಾರ, ದೊಡ್ಡದಕ್ಕೆ ಎರಡು ವಾರ ಕಾಯಿರಿ.

ಅಡುಗೆಮನೆಯ ಜಿರಳೆ ಹಿಡಿದು ಹಾಕೋದು ಬೇಡವೇ ಬೇಡ. ಅದು ಎಲ್ಲಿ ಔಷಧಿ ತಿಂದು ಬಂದಿದೆಯೋ ಯಾರಿಗೆ ಗೊತ್ತು? ಜೇಡ ಇರುವ ಕೋಣೆಯಲ್ಲಿ ಸೊಳ್ಳೆ, ಜಿರಳೆಗೆ ಸ್ಪ್ರೇ ಹೊಡೆಯೋದೂ ಬೇಡ.

ವೇಗ: ನಿಧಾನ ಅಂತ ನಂಬಿ ಕೆಡಬೇಡಿ

ದಿನವಿಡೀ ಕಲ್ಲಿನಂತೆ ಕೂತಿರುವ ಜೇಡ ಹೆದರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸುತ್ತೆ. ಕಾಲಿನ ಮುಖ್ಯ ಗಂಟುಗಳನ್ನ ಮಡಚೋಕೆ ಇದಕ್ಕೆ ಸ್ನಾಯು ಇದೆ, ಚಾಚೋಕೆ ಇಲ್ಲ. ಮೈಯೊಳಗಿನ ದ್ರವವನ್ನ ಒತ್ತಡದಿಂದ ಕಾಲಿಗೆ ತಳ್ಳಿ ಚಾಚುತ್ತೆ. ಜೆಸಿಬಿ ತೋಳು ಎಣ್ಣೆಯ ಒತ್ತಡದಲ್ಲಿ ಚಾಚಿಕೊಳ್ಳುತ್ತಲ್ಲ, ಹಾಗೆ.

ಸೆಕೆ ಏರಿದಂತೆ ವೇಗವೂ ಏರುತ್ತೆ. ಅಮೆರಿಕದ ಕಂದು ಟರಾಂಟುಲಾಗಳನ್ನ ಓಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 15 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡಿದ ಜೇಡ, 40 ಡಿಗ್ರಿಯಲ್ಲಿ 50 ಸೆಂಟಿಮೀಟರ್ ದಾಟಿತ್ತು. ಬೇಸಿಗೆ ಮಧ್ಯಾಹ್ನ ಡಬ್ಬಿ ತೆರೆಯೋರು ಇದನ್ನ ನೆನಪಿಡಿ.

ಕೈಮೇಲೆ ಬಿಟ್ಟು ಫೋಟೋ ತೆಗೆಸೋ ಹುಚ್ಚು ಬೇಡ. ಸೊಂಟದೆತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಅದಕ್ಕೇ ಡಬ್ಬಿಯೂ ಎತ್ತರ ಇರಬಾರದು. ತಳಕ್ಕೆ ಗೊಬ್ಬರ ಬೆರೆಸದ ತೆಂಗಿನ ನಾರಿನ ಪುಡಿ ದಪ್ಪಗೆ ತುಂಬಿ. ಅದರಿಂದ ಮುಚ್ಚಳದವರೆಗಿನ ಜಾಗ ಜೇಡದ ಕಾಲಗಲದ ಒಂದೂವರೆ ಪಟ್ಟು ಮೀರದಿರಲಿ. ಡಬ್ಬಿ ಬದಲಿಸುವಾಗ ಲೋಟ ಕವುಚಿ, ಬ್ರಷ್‌ನಿಂದ ಮೆಲ್ಲಗೆ ತಳ್ಳಿ.

ಈ ಜಾತಿ ಕಚ್ಚೋದು ಅಪರೂಪ, ಆದರೆ ಹಿಂಗಾಲಿನಿಂದ ಹೊಟ್ಟೆಯ ರೋಮ ಉದುರಿಸಿ ಎರಚುತ್ತೆ. ಚರ್ಮಕ್ಕೆ ತಾಗಿದರೆ ತುರಿಕೆ. ಕಣ್ಣಿಗೆ ಬಿದ್ದರೆ ಉಜ್ಜದೆ, ನೀರಿನಲ್ಲಿ ತೊಳೆದು ತಕ್ಷಣ ಕಣ್ಣಿನ ಡಾಕ್ಟರ ಬಳಿ ಹೋಗಿ.

ಕಾಗದಪತ್ರ ಇದೆಯಾ?

ಕೆಂಪು ಮಂಡಿಯ ಜೇಡ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಇರುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಪ್ರಕಾರ ಇಂಥ ಪಟ್ಟಿಯ ವಿದೇಶಿ ಪ್ರಾಣಿ ಇಟ್ಟುಕೊಂಡೋರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವ ಅಂಗಡಿಯವರೂ ಅಷ್ಟೇ, ಕಾಗದ ಇಲ್ಲದ ಮಾಲು ಮುಟ್ಟದಿರೋದು ಕ್ಷೇಮ. ಅನುಮಾನ ಇದ್ದರೆ ಹಣ ಕೊಡೋ ಮುಂಚೆಯೇ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ.

ನಮ್ಮ ಪಶ್ಚಿಮ ಘಟ್ಟದಲ್ಲೂ ಟರಾಂಟುಲಾಗಳಿವೆ. ಮರದ ಪೊಟರೆಯಲ್ಲಿ ವಾಸಿಸುವ ಭಾರತದ ಜಾತಿಗಳು ಎರಚೋಕೆ ರೋಮ ಇಲ್ಲದ ಕಾರಣ ನೇರ ಕಚ್ಚುತ್ತವೆ. ಓಟವೂ ಜೋರು, ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ತೋಟದಲ್ಲಿ ಕಂಡರೆ ಹಿಡಿಯಲೂ ಬೇಡಿ, ಹೊಡೆಯಲೂ ಬೇಡಿ. ಅದರ ಪಾಡಿಗೆ ಬಿಟ್ಟರೆ ಹುಳ ತಿಂದುಕೊಂಡು ಇರುತ್ತೆ. ವಿದೇಶಿ ಜೇಡ ಸಾಕಿ ಬೇಸರ ಬಂತು ಅಂತ ಅದನ್ನ ಇದೇ ತೋಟಕ್ಕೆ ಬಿಡೋದೂ ತಪ್ಪು. ತರೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಪ್ಪತ್ತು ವರ್ಷ ನೋಡಿಕೊಳ್ಳೋಕೆ ಆಗುತ್ತಾ?