ಸೆಂಟಿನೆಲ್ ತೀರದಲ್ಲಿ ಮಡಿದ ತರುಣ

2018ರ ನವೆಂಬರ್‌ನಲ್ಲಿ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದಲ್ಲಿ ಜಾನ್ ಅಲೆನ್ ಚೌ ಎಂಬ ಅಮೆರಿಕದ ತರುಣ ಹತನಾದ ಸುದ್ದಿ ಓದಿದಾಗ ನನ್ನಲ್ಲಿ ಮೊದಲು ಮಾತನಾಡಿದ್ದು ನಿವೃತ್ತ ಅಧಿಕಾರಿ: ‘ನಿಯಮ ಮುರಿದ, ಫಲ ಉಂಡ’. ಆ ಮಾತಿನ ನಿರ್ದಯತೆ ಅರಿವಾಗಲು ಕೆಲವು ದಿನಗಳೇ ಹಿಡಿದವು. ಆತನಿಗೆ ಆಗ 26 ವರ್ಷ.

ಚೌ ದೃಢವಾದ ಕ್ರೈಸ್ತ ಶ್ರದ್ಧೆಯುಳ್ಳವನು. ಹೊರಜಗತ್ತನ್ನು ದೂರವಿಟ್ಟ ಸೆಂಟಿನೆಲಿ ಜನರಿಗೆ ಯೇಸುವಿನ ಸಂದೇಶ ತಲುಪಿಸುವುದೇ ತನ್ನ ಕರ್ತವ್ಯವೆಂದು ನಂಬಿ ವರ್ಷಗಳ ಕಾಲ ಸಿದ್ಧತೆ ನಡೆಸಿದ್ದ. ಮೀನುಗಾರರಿಗೆ ಸುಮಾರು 25 ಸಾವಿರ ರೂಪಾಯಿ ಕೊಟ್ಟು, ಕತ್ತಲಲ್ಲಿ ದೋಣಿಯೇರಿ ಹೋದ. ಮೀನು, ಕತ್ತರಿ ಮುಂತಾದ ಉಡುಗೊರೆಗಳನ್ನು ಒಯ್ದಿದ್ದ. ಬಾಲಕನೊಬ್ಬ ಬಿಟ್ಟ ಬಾಣ ತನ್ನ ಬೈಬಲ್ಲಿಗೆ ನಾಟಿತೆಂದು ಆತನೇ ದಿನಚರಿಯಲ್ಲಿ ಬರೆದಿದ್ದಾನೆ. ಅಂದು ಜೀವಸಹಿತ ದೋಣಿಗೆ ಮರಳಿದವನು ಮತ್ತೆ ದ್ವೀಪಕ್ಕೆ ಹೋದ. ಶವವನ್ನು ತರಲಾಗಲಿಲ್ಲ.

ಆ ಜನರ ಭಯಕ್ಕೆ ಕಾರಣವಿಲ್ಲದಿಲ್ಲ. 1880ರಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಅಲ್ಲಿಂದ ವೃದ್ಧ ದಂಪತಿಯನ್ನೂ ನಾಲ್ವರು ಮಕ್ಕಳನ್ನೂ ಹಿಡಿದು ಪೋರ್ಟ್ ಬ್ಲೇರಿಗೆ ತಂದ. ದಂಪತಿ ಕಾಯಿಲೆ ಬಿದ್ದು ಸತ್ತರು. ಮಕ್ಕಳನ್ನು ಉಡುಗೊರೆಗಳೊಂದಿಗೆ ಹಿಂದಕ್ಕೆ ಬಿಡಲಾಯಿತು. ನಮಗೆ ನೆಗಡಿಯೆನಿಸುವ ಸೋಂಕು ಅವರಲ್ಲಿ ಇಡೀ ಕುಲವನ್ನೇ ಅಳಿಸಬಲ್ಲದು. 1991ರಲ್ಲಿ ಮಾನವಶಾಸ್ತ್ರಜ್ಞರ ಕೈಯಿಂದ ಅವರು ತೆಂಗಿನಕಾಯಿ ಸ್ವೀಕರಿಸಿದ್ದುಂಟು. ಮುಂದೆ ಸರ್ಕಾರ ಅಂಥ ಭೇಟಿಗಳನ್ನೂ ನಿಲ್ಲಿಸಿ ದೂರದಿಂದಲೇ ಕಾಯುವ ನೀತಿ ಹಿಡಿಯಿತು. ಬುಡಕಟ್ಟುಗಳ ರಕ್ಷಣೆಗೆ 1956ರ ಕಟ್ಟಳೆ ಇದ್ದೇ ಇದೆ.

ಆದರೆ ಆಡಳಿತವೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿ, ಪ್ರವಾಸೋದ್ಯಮದ ಉತ್ಸಾಹದಲ್ಲಿ, ವಿದೇಶಿಯರಿಗಿದ್ದ ನಿರ್ಬಂಧಿತ ಪ್ರದೇಶ ಪರವಾನಗಿಯಿಂದ 29 ದ್ವೀಪಗಳಿಗೆ ವಿನಾಯಿತಿ ನೀಡಲಾಯಿತು. ಪಟ್ಟಿಯಲ್ಲಿ ಉತ್ತರ ಸೆಂಟಿನೆಲ್ ಕೂಡ ಇತ್ತು. ಬುಡಕಟ್ಟು ರಕ್ಷಣೆಯ ನಿಷೇಧವೇನೋ ಹಾಗೆಯೇ ಉಳಿದಿತ್ತು. ಚೌನ ಸಾಹಸಕ್ಕೆ ಈ ಆದೇಶವೇ ಕಾರಣವೆನ್ನಲಾರೆ. ಆದರೆ ಒಂದು ಕಡತ ಬಾಗಿಲು ತೆರೆದು ಇನ್ನೊಂದು ಕಡತ ಅದನ್ನು ಮುಚ್ಚುವ ವಿಪರ್ಯಾಸವನ್ನು ಸೇವೆಯಲ್ಲಿದ್ದವರೆಲ್ಲ ಬಲ್ಲರು.

ಒಬ್ಬನ ನಿರ್ಧಾರದ ವೆಚ್ಚವನ್ನು, ಆ ನಿರ್ಧಾರದಲ್ಲಿ ಪಾಲಿಲ್ಲದವರು ತೆರಬೇಕಾಗುವುದು ಅರ್ಥಶಾಸ್ತ್ರದ ಹಳೆಯ ಸಮಸ್ಯೆ. ಚೌ ತನ್ನ ಪ್ರಾಣವನ್ನು ಪಣಕ್ಕಿಡಲು ಸ್ವತಂತ್ರನಿರಬಹುದು, ದ್ವೀಪವಾಸಿಗಳ ಪ್ರಾಣವನ್ನಲ್ಲ. ಕೊನೆಗೆ ಬಂಧನಕ್ಕೊಳಗಾದ ಏಳು ಮಂದಿಯಲ್ಲಿ ಆ ಬಡ ಮೀನುಗಾರರೂ ಇದ್ದರು.

ಇಲ್ಲಿಯೇ ಆತನ ಕುಟುಂಬ ನನ್ನನ್ನು ಬೆರಗುಗೊಳಿಸಿತು. ಕೊಂದವರನ್ನು ಕ್ಷಮಿಸಿದ್ದೇವೆ, ಬಂಧಿತರನ್ನು ಬಿಟ್ಟುಬಿಡಿ ಎಂದು ಅವರು ಬಹಿರಂಗವಾಗಿ ಕೇಳಿಕೊಂಡರು. ತಾನು ಸತ್ತರೆ ಆ ಜನರ ಮೇಲೆ ಕೋಪಿಸಿಕೊಳ್ಳಬೇಡಿ ಎಂದು ಮಗನೂ ಬರೆದಿಟ್ಟಿದ್ದ. ಆತ ದ್ವೀಪಕ್ಕೆ ಒಯ್ಯಲು ಹೊರಟಿದ್ದ ಧರ್ಮದ ಸಾರ, ಆತನ ಮನೆಯವರ ಆ ಒಂದು ಮಾತಿನಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಅದಕ್ಕೆ ದೋಣಿ ಬೇಕಿರಲಿಲ್ಲ.

2025ರ ಮಾರ್ಚ್‌ನಲ್ಲಿ ಇನ್ನೊಬ್ಬ ಅಮೆರಿಕನ್ ತರುಣ ಅದೇ ತೀರದಲ್ಲಿ ಕಾಲಿಟ್ಟು ಬಂಧಿತನಾದ. ಕಾವಲು ಸಡಿಲವಾಗಕೂಡದು. ಆದರೆ ನಿಯಮವನ್ನು ಎತ್ತಿಹಿಡಿಯುವವನು ಸತ್ತವನನ್ನು ಹಂಗಿಸಬೇಕಾಗಿಲ್ಲ. ಅಂದು ಮನಸ್ಸಿನಲ್ಲೇ ಆಡಿದ ಆ ಮಾತನ್ನು ನಾನು ಹಿಂದಕ್ಕೆ ಪಡೆದಿದ್ದೇನೆ.